ಫೇಸ್‌ಬುಕ್, ಎಕ್ಸ್ ಬಿಟ್ಟು ಫೆಡಿವರ್ಸ್ ಕಡೆ: ಯಾಕೆ ಹೋಗ್ತಾರೆ, ಹೋದವರು ಎಲ್ಲಿ ಎಡವ್ತಾರೆ

ಗಂಗಾವಳಿ ದಂಡೆ, ಅಂಕೋಲಾ

ಒಂದೇ ಕಂಪನಿಯ ಕೈಯಲ್ಲಿರದೆ, ಬೇರೆ ಬೇರೆಯವರು ನಡೆಸುವ ಸರ್ವರುಗಳು ಒಂದಕ್ಕೊಂದು ಮಾತಾಡುವ ಜಾಲಕ್ಕೆ ಫೆಡಿವರ್ಸ್ ಅಂತಾರೆ. ಊರಿನ ಗುಂಪು, ಯಕ್ಷಗಾನ ಸಂಘ, ತೋಟಗಾರರ ಬಳಗ ನಡೆಸುವವರು ಮಾಸ್ಟಡಾನ್ (ಎಕ್ಸ್ ಥರದ್ದು), ಲೆಮ್ಮಿ (ವಿಷಯವಾರು ಚರ್ಚೆಯ ಜಾಗ), ಮ್ಯಾಟ್ರಿಕ್ಸ್ (ವಾಟ್ಸಾಪ್ ಥರ ಸಂದೇಶಕ್ಕೆ) ಕಡೆ ಯಾಕೆ ನೋಡ್ತಿದ್ದಾರೆ, ಅಲ್ಲಿ ಕಷ್ಟ ಏನು ಅನ್ನೋದನ್ನ ಒಂದೇ ಕಡೆ ಸೇರಿಸೋಣ ಅಂತ ಈ ಎಳೆ. (ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು, ಊರು.)

ನನ್ನ ಲೆಕ್ಕದಲ್ಲಿ ಮೊದಲ ಕಾರಣ ಹೊತ್ತು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯ್ತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಇಂಥ ದಿನ ಜನಕ್ಕೆ ಬೇಕಾಗೋದು ಒಂದೇ: ಈ ಗಳಿಗೆಯಲ್ಲಿ ದಾರಿ ಇದೆಯೋ ಇಲ್ಲವೋ. ಫೇಸ್‌ಬುಕ್ 2018ರಲ್ಲಿ ಫೀಡಿನ ಲೆಕ್ಕ ಬದಲಿಸಿ, ಜನ ಹೆಚ್ಚು ಮಾತಾಡುವ ಪೋಸ್ಟಿಗೆ ತೂಕ ಹೆಚ್ಚಿಸಿತು. ಆ ತಕ್ಕಡಿಯಲ್ಲಿ ನಿನ್ನೆಯ ಫೋಟೋಕ್ಕೆ ಇನ್ನೂರು ಕಮೆಂಟ್ ಇದ್ದರೆ ಅದು ಮೇಲೆ. "ಒಂದು ಬದಿ ವಾಹನ ಬಿಡ್ತಿದ್ದಾರೆ" ಅಂತ ಇವತ್ತು ಬೆಳಿಗ್ಗೆ ಹಾಕಿದ ಎರಡು ಲೈಕಿನ ಪೋಸ್ಟು ಕೆಳಗೆ, ಕೆಲವರಿಗೆ ಮರುದಿನ. ಅಡಿಕೆ ದರದ್ದೂ ಅದೇ ಕತೆ. ರಾಶಿ, ಚಾಲಿ, ಬೆಟ್ಟೆಯ ಮಂಗಳವಾರದ ದರ ಗುರುವಾರ ಕಂಡರೆ ಅದು ಸುಳ್ಳು ಸುದ್ದಿಗೆ ಸಮ.

ಮಾಸ್ಟಡಾನಿನ ಹೋಮ್ ಫೀಡಿನಲ್ಲಿ ಈ ತೂಕದ ಲೆಕ್ಕ ಇಲ್ಲ. ಹಿಂಬಾಲಿಸಿದವರು ಹಾಕಿದ್ದು ಹಾಕಿದ ಕ್ರಮದಲ್ಲೇ ಬರ್ತದೆ, ಹೊಸದು ಮೇಲೆ.

ಬೈತಖೋಲ್ ಬದಿ, ಕಾರವಾರ

ಫೇಸ್‌ಬುಕ್ಕಲ್ಲೂ ‘ಫೀಡ್ಸ್’ ಅಂತ ಒಂದು ಜಾಗ ಇದೆಯಲ, ಅಲ್ಲಿ ಹೊತ್ತಿನ ಪ್ರಕಾರವೇ ಬರ್ತದೆ. ಎಕ್ಸ್‌ನಲ್ಲಿ ‘ಫಾಲೋಯಿಂಗ್’ ಇದೆ. ಅಷ್ಟಕ್ಕೇ ಮನೆ ಬಿಟ್ಟು ಹೋಗೂದು ಎಂತಕ್ಕೆ? ನಮ್ಮ ಬೈತಖೋಲ್ ಬಂದರಿನ ಕಡೆ ಬೋಟು ಬಂದ ಸುದ್ದಿ, ಬಂಗಡೆ ದರ, ಐಸಿನ ಲೆಕ್ಕ ಎಲ್ಲ ವಾಟ್ಸಾಪಲ್ಲೇ ಓಡ್ತದೆ. ಜನ ಎಲ್ಲಿದ್ದಾರೋ ಅಲ್ಲಿ ಇರಬೇಕು. ಖಾಲಿ ಸಂತೆಗೆ ಹೋಗಿ ಮೀನು ಇಟ್ಟು ಕೂತರೆ ಯಾರಿಗೆ ಮಾರೂದು?

ಘಟ್ಟದ ಗಾಳಿ, ಶಿರಸಿ

ಅಣ್ಣ, ಆ ಜಾಗ ಇರೋದು ಖರೆ. ಆದರೆ ಫೇಸ್‌ಬುಕ್ ಆ್ಯಪ್ ಮುಚ್ಚಿ ತೆರೆದರೆ ನಿಲ್ಲೋದು ಮತ್ತೆ ಹಳೇ ಫೀಡಿನಲ್ಲೇ. ಗುಂಪಿನ ಸಾವಿರ ಜನರಿಗೆ ದಿನಾ "ಅಲ್ಲಿ ಒತ್ತಿ, ಆಮೇಲೆ ಇಲ್ಲಿ ಒತ್ತಿ" ಅಂತ ಹೇಳಿ ಮುಗಿಯೋದಿಲ್ಲ.

ಅದಕ್ಕಿಂತ ದೊಡ್ಡದು ವಿಳಾಸದ ಪ್ರಶ್ನೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ನಮಗೆ ಹತ್ತಿರದ ಉದಾಹರಣೆ ಕೂ. ಬೆಂಗಳೂರಲ್ಲೇ ಹುಟ್ಟಿ, 2020ರಲ್ಲಿ ಕನ್ನಡದಲ್ಲೇ ಮೊದಲು ಶುರುವಾದದ್ದು, 2024ರ ಜುಲೈನಲ್ಲಿ ನಿಲ್ಲಿಸ್ತೇವೆ ಅಂತ ಘೋಷಿಸಿತು. ಅಲ್ಲಿ ಭಾಷೆ ನಮ್ಮದಿತ್ತು, ಜಾಗ ನಮ್ಮದಿರಲಿಲ್ಲ. ಹಿಂಬಾಲಕರ ಪಟ್ಟಿ ಹೊತ್ತುಕೊಂಡು ಬೇರೆ ಕಡೆ ಹೋಗುವ ದಾರಿಯೂ ಇರಲಿಲ್ಲ. ಟ್ವಿಟರ್ ಮುಚ್ಚಲಿಲ್ಲ, ಆದರೆ 2022ರ ಅಕ್ಟೋಬರಿನಲ್ಲಿ ಮಾಲೀಕರು ಬದಲಾದರು, 2023ರ ಜನವರಿಯಲ್ಲಿ ಹೊರಗಿನವರು ಮಾಡಿದ ಆ್ಯಪುಗಳು ನಿಂತವು, ಜುಲೈ ತಿಂಗಳಲ್ಲಿ ದಿನಕ್ಕೆ ಇಷ್ಟೇ ಪೋಸ್ಟ್ ಓದಬಹುದು ಅಂತ ಮಿತಿ ಬಂತು, ಅದೇ ತಿಂಗಳು ಹೆಸರೂ ಹೋಗಿ ಎಕ್ಸ್ ಆಯ್ತು. ಚರ್ಚೆಯ ತಾಣ ರೆಡ್ಡಿಟ್ ಅದೇ ವರ್ಷ ಹೊರಗಿನ ಆ್ಯಪುಗಳಿಗೆ ದರ ಹಾಕಿದ್ದಕ್ಕೆ ಲೆಮ್ಮಿಗೆ ಜನ ಬಂದರು.

ನಮ್ಮ ದೇಶದಿಂದ ದೊಡ್ಡ ಗುಂಪು ಮಾಸ್ಟಡಾನಿಗೆ ಹೋದದ್ದು ಇದಕ್ಕೂ ಮೊದಲು, 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ. ಬಹಳ ಜನ ಆಮೇಲೆ ವಾಪಸು ಬಂದರು ಅನ್ನೋದನ್ನೂ ಹೇಳಬೇಕು. ಸಿಟ್ಟಿನಲ್ಲಿ ಹೋದವರು ಹೆಚ್ಚು ದಿನ ನಿಲ್ಲೋದಿಲ್ಲ. ಕೆಲಸ ಇಟ್ಟುಕೊಂಡು ಹೋದವರು ನಿಲ್ತಾರೆ.

ಮಾಸ್ಟಡಾನ್ 2016ರದ್ದು. ಅದು, ಪಿಕ್ಸೆಲ್‌ಫೆಡ್ (ಫೋಟೋಕ್ಕೆ), ಪಿಯರ್‌ಟ್ಯೂಬ್ (ವಿಡಿಯೋಕ್ಕೆ), ಲೆಮ್ಮಿ ಎಲ್ಲ ಮಾತಾಡೋದು ಆಕ್ಟಿವಿಟಿಪಬ್ ಅನ್ನೋ ಒಂದೇ ನುಡಿಯಲ್ಲಿ. ವೆಬ್ಬಿನ ಮಾನದಂಡ ಮಾಡುವ ಡಬ್ಲ್ಯೂ3ಸಿ ಸಂಸ್ಥೆ ಅದಕ್ಕೆ 2018ರ ಜನವರಿಯಲ್ಲಿ ಮುದ್ರೆ ಒತ್ತಿತು. ಈಮೇಲ್ ಹಾಗೆ: ಹೆಸರು, ಆಮೇಲೆ ಸರ್ವರಿನ ಹೆಸರು. ಒಂದು ಸರ್ವರಿನವರು ಇನ್ನೊಂದರವರನ್ನು ಹಿಂಬಾಲಿಸಬಹುದು. ಇಷ್ಟರ ಮೇಲೆ ಬಾಕಿ ಎಲ್ಲ ನಿಂತಿದೆ.

ತೊಡೆದೇವು, ಯಲ್ಲಾಪುರ

ಒಂದು ತಪ್ಪು ತಿಳಿವಳಿಕೆ ಇಲ್ಲೇ ತೆಗೆದುಬಿಡೋಣ. ಸಿಗ್ನಲ್, ಟೆಲಿಗ್ರಾಂ ಎರಡೂ ವಿಕೇಂದ್ರೀಕೃತ ಅಲ್ಲ. ಸಿಗ್ನಲ್ ಗುಟ್ಟು ಕಾಯೋದರಲ್ಲಿ ಗಟ್ಟಿ, ಆದರೂ ಒಂದೇ ಸಂಸ್ಥೆಯ ಸರ್ವರ್. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೇ ಆರು ತಾಸಿನಷ್ಟು ಹೊತ್ತು ಬಿದ್ದವು. ಒಂದೇ ಕಂಪನಿಯ ಒಳಜಾಲದ ಸೆಟ್ಟಿಂಗ್ ತಪ್ಪಿ, ಅದರ ವಿಳಾಸಗಳೇ ಇಂಟರ್‌ನೆಟ್ಟಿನ ನಕ್ಷೆಯಿಂದ ಮಾಯವಾದವು. ವಾಟ್ಸಾಪ್ ನಂಬಿ ಕೂತ ಬೋಟಿನವರಿಗೂ ತೋಟದವರಿಗೂ ಆ ರಾತ್ರಿ ಒಂದೇ ಗತಿ.

ಬ್ಲೂಸ್ಕೈ (ಎಕ್ಸ್ ಥರದ್ದೇ ಇನ್ನೊಂದು ಜಾಲ) ಒಂದೇ ಕಂಪನಿಯ ಜಾಲಕ್ಕೂ ಫೆಡಿವರ್ಸಿಗೂ ನಡುವಿನದು. ಖಾತೆಯ ಮಾಹಿತಿ ಸ್ವಂತ ಸರ್ವರಿನಲ್ಲಿ ಇಡಬಹುದು, ಸ್ವಂತ ಡೊಮೇನನ್ನೇ (ವೆಬ್ ವಿಳಾಸವನ್ನೇ) ಹೆಸರಾಗಿ ಹಾಕಬಹುದು. ಸಂಘ ಸಂಸ್ಥೆಗೆ ಅದು ಒಳ್ಳೆಯ ಗುರುತು. ಆದರೆ ಎಲ್ಲರದ್ದನ್ನೂ ಒಟ್ಟುಗೂಡಿಸಿ ತೋರಿಸುವ ಭಾಗವನ್ನು ಬಹುಪಾಲು ಒಂದೇ ಕಂಪನಿ ನಡೆಸ್ತದೆ. ನಾಸ್ಟರ್ ಅನ್ನೋ ಮತ್ತೊಂದು ಜಾಲದಲ್ಲಿ ಖಾತೆ ಅಂದರೆ ಒಂದು ಕೀಲಿ. ಕೀಲಿ ಕಳೆದರೆ ಪಾಸ್‌ವರ್ಡ್ ಮರುಹೊಂದಿಸಿ ಕೊಡುವವರು ಯಾರೂ ಇಲ್ಲ. ಊರಿನ ಗುಂಪಿಗೆ ಅದನ್ನು ನಾನು ಹೇಳೋದಿಲ್ಲ.

ಅಕ್ಷರ ಲೆಕ್ಕ, ಕುಮಟಾ

ಬಿಡೋ ಮೊದಲು ಹಳೇ ಪೋಸ್ಟುಗಳನ್ನು ಇಳಿಸಿಕೊಳ್ಳಿ. ಇಲ್ಲಿ ಕನ್ನಡಕ್ಕೆ ಬೇರೆಯೇ ಒಂದು ತೊಂದರೆ ಇದೆ.

ಫೇಸ್‌ಬುಕ್ ‘ನಿಮ್ಮ ಮಾಹಿತಿ ಇಳಿಸಿಕೊಳ್ಳಿ’ಯಲ್ಲಿ ಎರಡು ರೂಪ ಕೇಳ್ತದೆ, ಎಚ್‌ಟಿಎಂಎಲ್ (ಬ್ರೌಸರಿನಲ್ಲಿ ಓದುವ ಪುಟ) ಮತ್ತು ಜೇಸನ್ (ಪ್ರೋಗ್ರಾಮು ಓದುವ ಕಡತ). ಓದೋಕೆ ಬೇಕಾದರೆ ಎಚ್‌ಟಿಎಂಎಲ್ ತಗೊಳ್ಳಿ. ಜೇಸನ್ ತಗೊಂಡರೆ ಕನ್ನಡವೆಲ್ಲ ಗಜಿಬಿಜಿ ಕಾಣ್ತದೆ. ಕಂಪ್ಯೂಟರು ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆ 3 ಬೈಟ್. ಫೇಸ್‌ಬುಕ್ ಆ ಮೂರು ಬೈಟನ್ನೂ ಮೂರು ಬೇರೆ ಅಕ್ಷರ ಅಂತ ಬರೆದಿಡ್ತದೆ. ಕಡತ ಹಾಳಾಗಿಲ್ಲ, ಗಾಬರಿಬಿದ್ದು ಅಳಿಸಬೇಡಿ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ಪಠ್ಯವನ್ನು ಲ್ಯಾಟಿನ್-1 (ಒಂದಕ್ಷರಕ್ಕೆ ಒಂದೇ ಬೈಟಿನ ಹಳೇ ಪದ್ಧತಿ) ಆಗಿ ಬೈಟಿಗೆ ಇಳಿಸಿ, ಆ ಬೈಟನ್ನು ಯುಟಿಎಫ್-8 ಆಗಿ ಓದಿಸಿದರೆ ಕನ್ನಡ ಪೂರ್ತಿ ವಾಪಸು ಬರ್ತದೆ. ಹೀಗೆ ಇಳಿಸಿಕೊಂಡದ್ದರಲ್ಲಿ ಗುಂಪಿಗೆ ಬೇರೆಯವರು ಹಾಕಿದ್ದು ಇರೋದಿಲ್ಲ, ನೀವು ಬರೆದದ್ದು ಮಾತ್ರ. ಅಡಿಕೆ ಕೊಳೆರೋಗದ ಬಗ್ಗೆ ಹತ್ತು ವರ್ಷದ ಚರ್ಚೆ ಇದ್ದರೆ ಒಳ್ಳೆಯ ಉತ್ತರ ಬರೆದವರನ್ನು ಒಬ್ಬೊಬ್ಬರನ್ನಾಗಿ ಕೇಳಿ ಸೇರಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಇನ್ನು ಜಾಗದ ಲೆಕ್ಕ. ಎಕ್ಸ್ 280 ಅಂದಾಗ ಕನ್ನಡದ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸ್ತದೆ. ‘ಕ್ಷೇತ್ರ’ ಅಂದರೆ ಅಲ್ಲಿ 7. ಮಾಸ್ಟಡಾನ್ ಗುಣಿತವನ್ನು ಒಂದೇ ಘಟಕವಾಗಿ ಹಿಡಿಯೋದರಿಂದ ಅದೇ ಪದ 4. ಮಿತಿಯೂ 500. ಹಾಗಾಗಿ ಅಲ್ಲಿ ಮೂರು ತುಂಡು ಮಾಡಿ ಹಾಕುತ್ತಿದ್ದದ್ದು ಇಲ್ಲಿ ಒಂದರಲ್ಲೇ ಕೂರ್ತದೆ. ಔಷಧಿ ಪ್ರಮಾಣ ಬರೆಯುವವರಿಗೆ ಇದು ಸಣ್ಣ ಮಾತಲ್ಲ. 1 ಶೇಕಡಾ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು ಅನ್ನೋದನ್ನ ತುಂಡು ಮಾಡಿದರೆ ಒಂದು ತುಂಡು ಮಾತ್ರ ಫಾರ್ವರ್ಡ್ ಆಗಿ ತೋಟ ಹಾಳಾಗ್ತದೆ.

ಗಂಗಾವಳಿ ದಂಡೆ, ಅಂಕೋಲಾ

ಇದು ಗೊತ್ತಿರಲಿಲ್ಲ. ಘಟ್ಟದ ಗಾಳಿ ಅಕ್ಕ, ಜಿಲ್ಲೆಗೇ ಒಂದು ಸರ್ವರ್ ಹಾಕೋದಾದರೆ ಎಷ್ಟು ದೊಡ್ಡದು ಬೇಕು? ಶಿರಸಿಯಲ್ಲಿ ಯಾರದ್ದಾದರೂ ಮನೆಯಲ್ಲೇ ಇಟ್ಟರೆ ಆಗದಾ?

ಘಟ್ಟದ ಗಾಳಿ, ಶಿರಸಿ

ಮನೆಯಲ್ಲಿ ಬೇಡ ತಮ್ಮ. ಮೂರು ಅಡ್ಡಿ. ಮನೆ ಇಂಟರ್‌ನೆಟ್ಟಿನವರು ಬಹಳ ಕಡೆ ಸ್ವಂತ ಐಪಿ (ಇಂಟರ್‌ನೆಟ್ಟಿನ ವಿಳಾಸ) ಕೊಡೋದಿಲ್ಲ, ಹಲವು ಮನೆಗೆ ಒಂದೇ ಐಪಿ ಹಂಚ್ತಾರೆ. ಹೊರಗಿನವರು ನಿಮ್ಮ ಸರ್ವರಿನ ಬಾಗಿಲಿಗೇ ಬರಲಾರರು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ಫೈಬರೂ ಒಟ್ಟಿಗೇ ಹೋಗ್ತದೆ, ಇನ್ವರ್ಟರ್ ಇದ್ದರೂ ಫೈಬರ್ ಜೋಡಿಸೋಕೆ ಆಗೋದಿಲ್ಲ. ಮೂರನೇದು ಮೇಲ್. ಮನೆ ಐಪಿಯಿಂದ ಹೋದ ದೃಢೀಕರಣದ ಮೇಲ್ ಸ್ಪ್ಯಾಮಿಗೆ ಬೀಳ್ತದೆ ಅಥವಾ ಹೊರಡೋದೇ ಇಲ್ಲ. ಸರ್ವರನ್ನು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ತಗೊಳ್ಳಿ, ಮನೆಯ ಡಿಸ್ಕಿನಲ್ಲಿ ಬ್ಯಾಕಪ್ ಇಡಿ.

ಅಳತೆ ಹೀಗೆ. ಇನ್ನೂರು ಮುನ್ನೂರು ಜನರ ಮಾಸ್ಟಡಾನಿಗೆ 2 ಸಿಪಿಯು, 4 ಜಿಬಿ ರ‍್ಯಾಮ್. ಅದರ ಒಳಗೆ ಪೋಸ್ಟ್‌ಗ್ರೆಸ್ (ಡೇಟಾಬೇಸ್), ರೆಡಿಸ್ (ತಾತ್ಕಾಲಿಕ ನೆನಪು), ಸೈಡ್‌ಕಿಕ್ (ಹಿನ್ನೆಲೆಯ ಕೆಲಸ ಮಾಡುವುದು), ವೆಬ್ ಎಲ್ಲ ಓಡಬೇಕು. ಹುಡುಕಾಟ ಪೂರ್ತಿ ಬೇಕು ಅಂದರೆ ಎಲಾಸ್ಟಿಕ್‌ಸರ್ಚ್ ಹಾಕಬೇಕು, ಅದೊಂದೇ ಕೆಲವು ಜಿಬಿ ನುಂಗ್ತದೆ. ಶುರುವಿನಲ್ಲಿ ಬೇಡ. ಬರೀ ಒಂದು ಸಂಘ, ಹತ್ತಿಪ್ಪತ್ತು ಖಾತೆ ಅಂದರೆ ಗೋಟುಸೋಶಿಯಲ್ ಅನ್ನೋ ಹಗುರ ತಂತ್ರಾಂಶ ನೋಡಿ. 1 ಜಿಬಿ ರ‍್ಯಾಮಿನಲ್ಲಿ ಓಡ್ತದೆ, ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಸಾಕು. ಅದಕ್ಕೆ ಸ್ವಂತ ಬರೆಯುವ ಪುಟ ಇಲ್ಲ, ಟಸ್ಕಿಯಂಥ ಆ್ಯಪ್ ಮೂಲಕ ಬರೆಯಬೇಕು.

ಹಾಳಾಗುವ ಜಾಗ ನಾಲ್ಕು, ಬಹಳ ಸರ್ವರುಗಳು ಇಲ್ಲೇ ಮಲಗಿದ್ದು.

ಡಿಸ್ಕ್. ನಿಮ್ಮವರು ಹಾಕುವ ಫೋಟೋಗಳಿಂದ ತುಂಬೋದಿಲ್ಲ. ಹೊರಗಿನವರ ಫೋಟೋ, ವಿಡಿಯೋಗಳ ನಕಲು ನಿಮ್ಮ ಸರ್ವರಿನಲ್ಲಿ ಕೂರ್ತದೆ, ತುಂಬಿಸೋದು ಅದು. ಡಿಸ್ಕ್ ತುಂಬಿದ ಗಳಿಗೆಗೆ ಪೋಸ್ಟ್‌ಗ್ರೆಸ್ ಬರೆಯೋದು ನಿಲ್ಲಿಸ್ತದೆ, ಇಡೀ ಸರ್ವರ್ ಬೀಳ್ತದೆ. ಆಡಳಿತದ ಪುಟದಲ್ಲಿ ‘ಕಂಟೆಂಟ್ ರಿಟೆನ್ಷನ್’ಗೆ ಹೋಗಿ ಮೀಡಿಯಾ ಕ್ಯಾಶೆಗೆ 7 ದಿನ ಅಂತ ಹಾಕಿ, ಮೊದಲ ದಿನವೇ. ಪಕ್ಕದ ‘ಕಂಟೆಂಟ್ ಕ್ಯಾಶೆ’ ಪೆಟ್ಟಿಗೆ ಖಾಲಿ ಬಿಡಿ. ಅಲ್ಲಿ ಸಂಖ್ಯೆ ಹಾಕಿದರೆ ಹೊರಗಿನವರ ಪೋಸ್ಟುಗಳೇ ಅಳಿದು ನಿಮ್ಮವರ ಬುಕ್‌ಮಾರ್ಕೂ ಹೋಗ್ತದೆ.

ಕೀಲಿಗಳ ಕಡತ. ಡೇಟಾಬೇಸ್ ಒಂದನ್ನೇ ಬ್ಯಾಕಪ್ ಮಾಡಿ, ‘ಡಾಟ್ ಎನ್ವ್ ಡಾಟ್ ಪ್ರೊಡಕ್ಷನ್’ (.env.production) ಕಡತ ಬಿಟ್ಟರೆ ಎರಡು ಹಂತದ ಲಾಗಿನ್ ಇಟ್ಟವರೆಲ್ಲ ಹೊರಗೇ ಉಳೀತಾರೆ. ಬ್ಯಾಕಪ್ಪಿಗೆ ಬೀಗ (ಎನ್‌ಕ್ರಿಪ್ಷನ್) ಇರಲೇಬೇಕು. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕೊಲೆಕ್ಟಿವಾ ಅನ್ನೋ ಮಾಸ್ಟಡಾನ್ ಸರ್ವರಿನ ನಿರ್ವಾಹಕರೊಬ್ಬರ ಮನೆಯನ್ನು ಬೇರೆ ಪ್ರಕರಣಕ್ಕೆ ಶೋಧಿಸಿದಾಗ ಬೀಗವಿಲ್ಲದ ಡೇಟಾಬೇಸ್ ನಕಲು ಎಫ್‌ಬಿಐ ಕೈಗೆ ಹೋಯ್ತು.

ಡೊಮೇನ್. ಒಮ್ಮೆ ಇಟ್ಟ ಹೆಸರು ಬದಲಿಸೋಕೆ ಬರೋದಿಲ್ಲ, ಹಿಂಬಾಲಕರೆಲ್ಲ ಆ ಹೆಸರಿಗೇ ಕಟ್ಟಿಕೊಂಡಿರ್ತಾರೆ. ಪುಕ್ಕಟೆ ಸಿಗ್ತದೆ ಅಂತ ದೂರದೇಶದ ಹೆಸರು ಹಿಡೀಬೇಡಿ. 2023ರ ಜುಲೈನಲ್ಲಿ ಮಾಲಿ ದೇಶದ ಡಾಟ್ ಎಂಎಲ್ ಹೆಸರಿದ್ದ ಲೆಮ್ಮಿ ಸರ್ವರೊಂದು ಹೆಸರು ಕಳೆದುಕೊಂಡಿತು. 2024ರಲ್ಲಿ ಅಫ್ಗಾನಿಸ್ತಾನದ ಡಾಟ್ ಎಎಫ್‌ನಲ್ಲಿದ್ದ ಮಾಸ್ಟಡಾನ್ ಸರ್ವರಿಗೂ ಅದೇ ಆಯ್ತು. ಡಾಟ್ ಇನ್ ತಗೊಂಡು ಐದು ವರ್ಷಕ್ಕೆ ದುಡ್ಡು ಕಟ್ಟಿಬಿಡಿ.

ನಾಲ್ಕನೇದು ಮನುಷ್ಯ. ಲೆಮ್ ಡಾಟ್ ಇಇ ದೊಡ್ಡ ಲೆಮ್ಮಿ ಸರ್ವರು, ನಡೆಸುವವರು ದಣಿದು 2025ರ ಜೂನ್ ಕೊನೆಗೆ ಮುಚ್ಚಿದರು. ಯಂತ್ರ ಸರಿ ಇತ್ತು.

ಕರೆಂಟು ಹೋಗಿ ಸರ್ವರ್ ಎರಡು ತಾಸು ಬಿದ್ದರೆ ಹೆದರಬೇಕಿಲ್ಲ. ಬೇರೆ ಸರ್ವರುಗಳು ಎರಡು ದಿನದಷ್ಟು ಹೊತ್ತು ಮತ್ತೆ ಮತ್ತೆ ಬಾಗಿಲು ತಟ್ತವೆ. ಏಳು ದಿನ ಸತತ ಉತ್ತರ ಇಲ್ಲದಿದ್ದರೆ ಮಾತ್ರ ಕಳಿಸೋದು ನಿಲ್ಲಿಸ್ತವೆ.

ಬೈತಖೋಲ್ ಬದಿ, ಕಾರವಾರ

ಇಷ್ಟೆಲ್ಲ ಯಾರು ಮಾಡ್ತಾರೆ ಅಕ್ಕ? ಬೇರೆಯವರ ಸರ್ವರಲ್ಲೇ ಖಾತೆ ಮಾಡಿ ಇರೂದಾದರೆ?

ಘಟ್ಟದ ಗಾಳಿ, ಶಿರಸಿ

ಅಡ್ಡಿಲ್ಲ, ಬಹಳ ಜನಕ್ಕೆ ನಾನು ಹೇಳೋದೂ ಅದನ್ನೇ. ಸರ್ವರಿನ ‘ಕುರಿತು’ ಪುಟದಲ್ಲಿ ಮೂರು ನೋಡಿ: ಮುಚ್ಚೋದಾದರೆ ಮೂರು ತಿಂಗಳು ಮೊದಲು ತಿಳಿಸ್ತೇವೆ ಅಂತ ಇದೆಯೋ, ನಿರ್ವಾಹಕರು ಒಬ್ಬರಿಗಿಂತ ಹೆಚ್ಚು ಇದ್ದಾರೋ, ದಿನದ ಬ್ಯಾಕಪ್ ಇದೆಯೋ.

ಆಮೇಲೆ ಸ್ವಂತ ಸರ್ವರಿಗೆ ಹೋಗೋದು ಹೀಗೆ. ಹೊಸ ಖಾತೆಯ ಸೆಟ್ಟಿಂಗಿನಲ್ಲಿ ಹಳೇ ಖಾತೆಯ ವಿಳಾಸವನ್ನು ಅಡ್ಡಹೆಸರಾಗಿ ಸೇರಿಸಿ. ಹಳೇ ಕಡೆಯಿಂದ ನೀವು ಹಿಂಬಾಲಿಸುವವರ, ಬ್ಲಾಕ್ ಮಾಡಿದವರ, ಬುಕ್‌ಮಾರ್ಕಿನ ಸಿಎಸ್‌ವಿ (ಪಟ್ಟಿಯ ಕಡತ) ಇಳಿಸಿ ಹೊಸ ಕಡೆ ಏರಿಸಿ. ಕೊನೆಗೆ ಹಳೇ ಖಾತೆಯಲ್ಲಿ ‘ಬೇರೆ ಖಾತೆಗೆ ಸ್ಥಳಾಂತರ’ ಒತ್ತಿ ಪಾಸ್‌ವರ್ಡ್ ಕೊಡಿ. ಹಿಂಬಾಲಕರು ತಾವಾಗೇ ಬರ್ತಾರೆ, ಪೋಸ್ಟುಗಳು ಬರೋದಿಲ್ಲ. ಒಮ್ಮೆ ಹೋದ ಮೇಲೆ 30 ದಿನ ಮತ್ತೆ ಸ್ಥಳಾಂತರ ಇಲ್ಲ. ಹಳೇ ಸರ್ವರ್ ಬದುಕಿರುವಾಗಲೇ ಇದನ್ನೆಲ್ಲ ಮಾಡಬೇಕು. ಸತ್ತ ಸರ್ವರಿನಿಂದ ಹೊರಡೋಕೆ ಬಾಗಿಲಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಸಿಎಸ್‌ವಿ ಇಳಿಸಿಟ್ಟುಕೊಳ್ಳಿ. ಲೆಮ್ಮಿಯಲ್ಲಂತೂ ಚರ್ಚೆಯ ಗುಂಪೇ ಸರ್ವರಿಗೆ ಅಂಟಿಕೊಂಡಿರ್ತದೆ, ಎತ್ತಿಕೊಂಡು ಹೋಗೋಕೆ ಆಗೋದಿಲ್ಲ.

ತೊಡೆದೇವು, ಯಲ್ಲಾಪುರ

ಸರ್ವರ್ ತೆರೆಯೋರು ಕಾನೂನನ್ನೂ ಮಡಿಲಲ್ಲಿ ಇಟ್ಟುಕೊಳ್ಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 79ನೇ ಕಲಂ ಬೇರೆಯವರು ಬರೆದದ್ದಕ್ಕೆ ನಿಮ್ಮನ್ನು ಹೊಣೆ ಮಾಡದಂತೆ ಕಾಯ್ತದೆ, ಆದರೆ ಷರತ್ತುಗಳ ಮೇಲೆ. 2021ರ ನಿಯಮಗಳಲ್ಲಿ 50 ಲಕ್ಷ ಬಳಕೆದಾರರು ದಾಟಿದವರಿಗೆ ಹೆಚ್ಚಿನ ಹೊರೆ ಇದೆ. ಅಷ್ಟಿಲ್ಲ ಅಂತ ಚಿಕ್ಕವರು ಪೂರ್ತಿ ಬಿಡುಗಡೆ ಅಲ್ಲ. ದೂರು ಅಧಿಕಾರಿಯ ಹೆಸರು, ಸಂಪರ್ಕ ಪುಟದಲ್ಲಿ ಕಾಣುವಂತೆ ಇರಬೇಕು. ದೂರಿಗೆ ಉತ್ತರಿಸುವ ಗಡುವುಗಳು ತಿದ್ದುಪಡಿಯಲ್ಲಿ ಬದಲಾಗ್ತಾ ಬಂದಿವೆ, ಈಗ ಜಾರಿಯಲ್ಲಿರುವ ಪಠ್ಯವನ್ನೇ ಓದಿ. ಸರ್ವರಿಗೆ ಯಾರಾದರೂ ನುಗ್ಗಿದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ತಾಸಿನೊಳಗೆ ತಿಳಿಸಬೇಕು, ಲಾಗ್ (ಸರ್ವರಿನ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು. ಇದು 2022ರ ಏಪ್ರಿಲ್ 28ರ ನಿರ್ದೇಶನ.

ನೋಂದಣಿಯನ್ನು ‘ಅನುಮತಿ ಪಡೆದು’ ಅಂತಲೇ ಇಡಿ. 2024ರ ಫೆಬ್ರವರಿಯಲ್ಲಿ ಸ್ಪ್ಯಾಮಿನವರು ಹುಡುಕಿ ಹುಡುಕಿ ಹೊಕ್ಕದ್ದು ಬಾಗಿಲು ತೆರೆದಿಟ್ಟು ಕಾವಲಿಲ್ಲದ ಚಿಕ್ಕ ಸರ್ವರುಗಳನ್ನೇ. ತಂಟೆ ಮಾಡುವ ಹೊರಗಿನ ಸರ್ವರನ್ನು ಮೊದಲು ‘ಮಿತಿಗೊಳಿಸಿ’. ಪೂರ್ತಿ ‘ಅಮಾನತು’ ಮಾಡಿದರೆ ಎರಡೂ ಕಡೆಯ ಹಿಂಬಾಲಿಕೆ ಕಡಿದುಹೋಗ್ತದೆ, ಆಮೇಲೆ ಅಮಾನತು ತೆಗೆದರೂ ಜೋಡಣೆ ವಾಪಸು ಬರೋದಿಲ್ಲ.

ಮತ್ತೆ ಒಂದು ಮಾತು, ಸದಸ್ಯರಿಗೆ ಮೊದಲ ದಿನವೇ ಹೇಳಿ: ಮಾಸ್ಟಡಾನಿನ ಖಾಸಗಿ ಸಂದೇಶ ಗುಟ್ಟಿನದ್ದಲ್ಲ. ನಿರ್ವಾಹಕರು ಓದಬಲ್ಲರು. ಮಾತಿನ ನಡುವೆ ಮೂರನೆಯವರ ವಿಳಾಸ ಬರೆದರೆ ಆ ಸಂದೇಶ ಅವರಿಗೂ ಹೋಗ್ತದೆ. ಊರಿನಲ್ಲಿ ಜಗಳ ಹುಟ್ಟೋಕೆ ಇಷ್ಟು ಸಾಕು.

ಬೈತಖೋಲ್ ಬದಿ, ಕಾರವಾರ

ಹಾಗಾದರೆ ವಾಟ್ಸಾಪ್ ಗುಂಪಿನ ಬದಲಿಗೆ ಎಂತದು?

ಘಟ್ಟದ ಗಾಳಿ, ಶಿರಸಿ

ಮ್ಯಾಟ್ರಿಕ್ಸ್ ಅಥವಾ ಎಕ್ಸ್‌ಎಂಪಿಪಿ, ಎರಡೂ ಯಾರು ಬೇಕಾದರೂ ಸರ್ವರ್ ಹಾಕಬಹುದಾದ ಸಂದೇಶದ ಪದ್ಧತಿಗಳು. ಎಕ್ಸ್‌ಎಂಪಿಪಿ 1999ರದ್ದು, ಹಗುರ. ಪ್ರೊಸೊಡಿ ಸರ್ವರು ಅರ್ಧ ಜಿಬಿ ರ‍್ಯಾಮಿನಲ್ಲೂ ಓಡ್ತದೆ, 5222 ಮತ್ತು 5269 ಪೋರ್ಟ್ ತೆರೆದಿರಬೇಕು. ಫೋನಿನಲ್ಲಿ ಕಾನ್ವರ್ಸೇಷನ್ಸ್ ಆ್ಯಪ್. ಬಹಳ ಜನ "ಮೆಸೇಜು ಬರೂದಿಲ್ಲ" ಅಂತ ಬಿಡೋದು ಸರ್ವರ್ ತಪ್ಪಿನಿಂದಲ್ಲ. ಬ್ಯಾಟರಿ ಉಳಿಸೋಕೆ ಫೋನೇ ಆ್ಯಪನ್ನು ಮಲಗಿಸ್ತದೆ. ಆ ಆ್ಯಪಿಗೆ ಬ್ಯಾಟರಿ ಮಿತಿ ತೆಗೆದು, ಆಟೋಸ್ಟಾರ್ಟ್ ಹಾಕಿಕೊಡಿ. ಮ್ಯಾಟ್ರಿಕ್ಸಿನಲ್ಲಿ ಮರುಪಡೆಯುವ ಕೀಲಿ ಕೊಡ್ತದೆ, ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಫೋನ್ ಬದಲಿಸಿದರೆ ಹಳೇ ಮಾತು ತೆರೆಯೋದೇ ಇಲ್ಲ.

ಆದರೆ ಅಣ್ಣ, ವಾಟ್ಸಾಪ್ ಬಿಡಿಸೋಕೆ ಹೊರಡಬೇಡಿ. ಮಾಸ್ಟಡಾನಿನ ಬಹಿರಂಗ ಪೋಸ್ಟು ಖಾತೆ ಇಲ್ಲದವರಿಗೂ ಬ್ರೌಸರಿನಲ್ಲಿ ತೆರೀತದೆ, ಲಾಗಿನ್ ಕೇಳೋದಿಲ್ಲ. ದರ, ರಸ್ತೆ, ಹವಾಮಾನ ಸ್ವಂತ ಜಾಗದಲ್ಲಿ ಹಾಕಿ, ಕೊಂಡಿಯನ್ನು ವಾಟ್ಸಾಪಿಗೆ ಹಾಕಿ. ಫಾರ್ವರ್ಡ್ ಆಗಿ ಎಲ್ಲಿ ಹೋದರೂ ಒತ್ತಿದವರಿಗೆ ಹಾಕಿದ ಹೊತ್ತು ಕಾಣ್ತದೆ, ತಿದ್ದಿದರೆ ತಿದ್ದಿದ್ದೂ ಕಾಣ್ತದೆ. ವಾಟ್ಸಾಪಿನ ಪಠ್ಯಕ್ಕೆ ಅದಿಲ್ಲ. ಸಂತೆ ಅಲ್ಲೇ ಇರಲಿ, ತಕ್ಕಡಿ ನಮ್ಮದಿರಲಿ.

ಗಂಗಾವಳಿ ದಂಡೆ, ಅಂಕೋಲಾ

ಯಕ್ಷಗಾನದ ವಿಡಿಯೋ?

ಘಟ್ಟದ ಗಾಳಿ, ಶಿರಸಿ

ಅದಕ್ಕೆ ಪಿಯರ್‌ಟ್ಯೂಬ್, ಮತ್ತು ದೊಡ್ಡ ಡಿಸ್ಕು. ರಾತ್ರಿಯ ಆಟ 6 ತಾಸು, ಸೆಕೆಂಡಿಗೆ 3 ಮೆಗಾಬಿಟ್ ಅಂತ ಹಿಡಿದರೆ 8 ಜಿಬಿ. 720, 480ರ ಚಿಕ್ಕ ಗಾತ್ರದ ನಕಲುಗಳೂ ಸೇರ್ತವೆ. ಎಲ್ಲ ಗಾತ್ರ ಬೇಡ, ಒಂದು ದೊಡ್ಡದು, ಒಂದು ಹಳ್ಳಿಯ ನೆಟ್‌ವರ್ಕಿಗೆ ಆಗುವ ಚಿಕ್ಕದು ಇಡಿ. ಭಾಗವತರ, ಮೇಳದ ಒಪ್ಪಿಗೆ ಬರೆಸಿಟ್ಟುಕೊಳ್ಳಿ.

ಅಕ್ಷರ ಲೆಕ್ಕ, ಕುಮಟಾ

ಕನ್ನಡದವರು ಅಲ್ಲಿಗೆ ಹೋಗಿ "ಯಾರೂ ಇಲ್ಲ" ಅನ್ನೋದಕ್ಕೆ ಅರ್ಧ ಕಾರಣ ಹ್ಯಾಷ್‌ಟ್ಯಾಗ್. ಗೊತ್ತಿಲ್ಲದವರ ಪೋಸ್ಟನ್ನು ಊಹಿಸಿ ಹೋಮ್ ಫೀಡಿಗೆ ತಂದು ಹಾಕುವ ಯಂತ್ರ ಅಲ್ಲಿಲ್ಲ, ಟ್ಯಾಗ್ ಹಾಕದಿದ್ದರೆ ನಿಮ್ಮನ್ನು ಹಿಂಬಾಲಿಸದವರ ಕಣ್ಣಿಗೆ ಬೀಳೋದು ಕಷ್ಟ. ಹಾಕುವಾಗ ಮೂರು ಎಚ್ಚರ.

ವಾಕ್ಯದ ಒಳಗೆ ವಿಭಕ್ತಿ ಸೇರಿಸಿ #ಶಿರಸಿಯಲ್ಲಿ ಅಂತ ಬರೆದರೆ ಅದು #ಶಿರಸಿ ಹುಡುಕಿದವರಿಗೆ ಸಿಗೋದಿಲ್ಲ. ಯಂತ್ರಕ್ಕೆ ಅವು ಎರಡು ಬೇರೆ ಪದ. ಟ್ಯಾಗನ್ನು ಕೊನೆಯ ಸಾಲಿನಲ್ಲಿ ಮೂಲರೂಪದಲ್ಲೇ ಬರೆಯಿರಿ. ಊರಿಗೆ ಎರಡು ಬರವಣಿಗೆ ಇದ್ದರೆ ಎರಡೂ ಹಾಕಿ, #ಶಿರಸಿ #ಸಿರ್ಸಿ. ಮೂರನೇದು ಕಣ್ಣಿಗೆ ಕಾಣದ್ದು. ‘ಫೇಸ್‌ಬುಕ್’ ಥರದ ಪದದಲ್ಲಿ ಒತ್ತಕ್ಷರ ಆಗದಂತೆ ಕೀಲಿಮಣೆ ನಡುವೆ ಕಾಣದ ಚಿಹ್ನೆಯೊಂದನ್ನು ಇಡ್ತದೆ. ಒಬ್ಬರ ಕೀಲಿಮಣೆ ಇಡ್ತದೆ, ಇನ್ನೊಬ್ಬರದ್ದು ಇಡೋದಿಲ್ಲ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಟ್ಯಾಗ್ ಎರಡು. ಆ ಚಿಹ್ನೆ ಬೇಕಾಗದ ಪದಗಳನ್ನೇ ಆರಿಸಿ: #ಅಡಿಕೆದರ, #ಕೊಳೆರೋಗ, #ಘಟ್ಟರಸ್ತೆ. ಪೋಸ್ಟಿನ ಭಾಷೆಯನ್ನು ‘ಕನ್ನಡ’ ಅಂತ ಗುರುತಿಸಿ, ಭಾಷೆ ಸೋಸಿ ಓದುವವರಿಗೆ ಆಗ ಸಿಗ್ತೀರಿ.

ಬೈತಖೋಲ್ ಬದಿ, ಕಾರವಾರ

ಇದು ನಮಗೆ ಆಗೂ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ಕಡಲಿಗೆ ಹೋಗೂದು ಬಂದ್, ಆ ಎರಡು ತಿಂಗಳಲ್ಲಿ ಹುಡುಗರಿಗೆ ಪುರಸೊತ್ತು. ಬೇರೆಯವರ ಸರ್ವರಲ್ಲೇ ಒಂದು ಖಾತೆ ಮಾಡಿ, ಆಗಸ್ಟಿಗೆ ಬೋಟು ಇಳಿದ ದಿನದಿಂದ ದರ ಹಾಕಲಿಕ್ಕೆ ಶುರು ಮಾಡೂದು ಅಂತ ಹೇಳ್ತೆ. ಟ್ಯಾಗಿಗೆ ಬೈತಖೋಲ್ ಅಂತಲೋ ಬೈತಕೋಲ ಅಂತಲೋ? ಬೋರ್ಡಿಗೊಂದು ಥರ ಬರೀತಾರೆ.

ಅಕ್ಷರ ಲೆಕ್ಕ, ಕುಮಟಾ

ಎರಡೂ ಹಾಕಿ. ಜೊತೆಗೆ #ಕಾರವಾರ #ಮೀನುದರ. ‘ಖೋಲ್’ ಅಂತ ಲಕಾರಕ್ಕೆ ಅರ್ಧಾಕ್ಷರ ಹಾಕಿದ ಮೇಲೆ ಒಂದು ಖಾಲಿ ಜಾಗ ಬಿಟ್ಟೇ ಮುಂದಿನದು ಬರೆಯಿರಿ.